ಬೀಗದ ಮೇಷ್ಟ್ರ ವರದಿ

ನಮ್ಮ ಜನನ ಮರಣ ನೋಂದಣಿ ಕಚೇರಿಯ ಕಂಪ್ಯೂಟರುಗಳನ್ನೆಲ್ಲ ಕಾಯುವವರಿಗೆ ನಾವಿಟ್ಟ ಹೆಸರು ಬೀಗದ ಮೇಷ್ಟ್ರು. ಅವರ ಪ್ರಕಾರ ಪ್ರಪಂಚದಲ್ಲಿರುವುದು ಎರಡೇ ಜಾತಿ: ಕಳ್ಳರು, ಕಳ್ಳರಿಗೆ ಬಾಗಿಲು ತೆಗೆಯುವ ಗುಮಾಸ್ತರು. ಎರಡನೆಯವರ ಮೇಲೆ ಸಿಟ್ಟು ಜಾಸ್ತಿ. ಕೈಗೆ ಸಿಗುತ್ತೇವಲ್ಲ!

ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಬೇಕೆಂದು ಅಪ್ಪಣೆಯಾಯಿತು. ಬದಲಿಸಿದೆವು, ಚೀಟಿಯಲ್ಲಿ ಬರೆದು ಕೀಬೋರ್ಡಿನ ಅಡಿಗೆ ಅಂಟಿಸಿದೆವು. ಒಂದು ದಿನ ನಾವು ಊಟಕ್ಕೆ ಹೋದಾಗ ಮೇಷ್ಟ್ರು ಕೀಬೋರ್ಡುಗಳನ್ನೆಲ್ಲ ಮಗುಚಿ ಚೀಟಿಗಳನ್ನು ಕಿತ್ತುಕೊಂಡು ಹೋದರು. ಅವತ್ತು ಸಂಜೆಯವರೆಗೆ ಒಂದು ಪ್ರಮಾಣಪತ್ರವೂ ಹೊರಬೀಳಲಿಲ್ಲ. ಕಳ್ಳರೇ ಬಂದಿದ್ದರೂ ಅಷ್ಟು ಕೆಲಸ ಕೆಡುತ್ತಿರಲಿಲ್ಲ. ಮನೆಯಲ್ಲೂ ಅವರದು ಇದೇ ದರ್ಬಾರು. "ವೈಫೈ ಪಾಸ್‌ವರ್ಡ್ ಕೇಳಿದ್ರೆ ಹೆತ್ತ ಮಗಳ ಹತ್ರಾನೂ ಅರ್ಜಿ ಬರೆಸ್ಕೋತಾರಮ್ಮ," ಎಂದು ಅವರ ಹೆಂಡತಿ ನನ್ನೆದುರು ಗೋಳಾಡಿದ್ದರು.

ಎಲ್ಲಕ್ಕಿಂತ ದೊಡ್ಡ ಪೀಡೆ ಸೋಮವಾರದ ಸಭೆ. ನಮ್ಮನ್ನು ಪರೀಕ್ಷಿಸಲು ಮೇಷ್ಟ್ರು ಆಗಾಗ ತಾವೇ ಸುಳ್ಳು ಇಮೇಲ್ ಕಳಿಸುತ್ತಿದ್ದರು: 'ಸಂಬಳ ಏರಿದೆ, ಇಲ್ಲಿ ಒತ್ತಿ.' ಒತ್ತಿದವರು ಸೋಮವಾರ ಎಲ್ಲರೆದುರು ನಿಂತು ಹತ್ತು ಸುರಕ್ಷತಾ ನಿಯಮಗಳನ್ನು ಗಟ್ಟಿಯಾಗಿ ಓದಬೇಕು. ನಿವೃತ್ತಿಯ ಅಂಚಿನಲ್ಲಿದ್ದ ಹಿರಿಯ ಗುಮಾಸ್ತರು ತಡವರಿಸುತ್ತ ಓದಿದ್ದನ್ನು ಕಂಡು ನನಗೆ ಮೈಯೆಲ್ಲ ಉರಿದಿತ್ತು. ಸಾಹೇಬರೂ ಒಮ್ಮೆ ಒತ್ತಿದ್ದರು. ಅದು ಮಾತ್ರ ನೆಟ್‌ವರ್ಕ್ ದೋಷವೆಂದು ದಾಖಲಾಯಿತು.

ನನ್ನ ಕೆಲಸ ಖಾಯಂ ಆಗಲು ಹತ್ತೇ ದಿನ ಉಳಿದಿತ್ತು. ಆ ಮಂಗಳವಾರ, ಪ್ರಿಂಟರ್ ರಿಪೇರಿಯವರ ಬಿಲ್ ಎಂದು ಬಂದ ಇಮೇಲನ್ನು ತೆರೆದೆ. ಪರದೆ ಒಮ್ಮೆ ಕಪ್ಪಾಗಿ ಮತ್ತೆ ಸರಿಹೋಯಿತು. ಒತ್ತಬಾರದ್ದನ್ನು ಒತ್ತಿದೆನೆಂದು ಗೊತ್ತಾಯಿತು. ಹೇಳಿಬಿಡೋಣವೆಂದು ಮೇಷ್ಟ್ರ ಕೋಣೆಯ ಬಾಗಿಲವರೆಗೂ ಹೋದೆ. ಒಳಗೆ ಅವರು ಯಾರಿಗೋ ಫೋನಿನಲ್ಲಿ ಚೆನ್ನಾಗಿ ಬಿಸಿ ಮುಟ್ಟಿಸುತ್ತಿದ್ದರು. ತೆಪ್ಪಗೆ ವಾಪಸ್ ಬಂದು ಕೂತೆ.

ಗುರುವಾರ ಬೆಳಿಗ್ಗೆ ಯಾವ ಕಂಪ್ಯೂಟರಿನಲ್ಲೂ ಒಂದು ದಾಖಲೆಯೂ ತೆರೆಯಲಿಲ್ಲ. ದುಡ್ಡು ಕೊಟ್ಟರೆ ಬಿಡಿಸುತ್ತೇವೆ ಎಂಬ ಬೆದರಿಕೆ ಎಲ್ಲ ಪರದೆಗಳ ಮೇಲೂ. ಊರಲ್ಲಿ ಹುಟ್ಟಿದವರು, ಸತ್ತವರು ಎಲ್ಲ ಒಟ್ಟಿಗೆ ಒಳಗೆ ಸಿಕ್ಕಿಕೊಂಡಿದ್ದರು. ಒಂದೊಂದೇ ಕಂಪ್ಯೂಟರ್ ಜಾಲಾಡುತ್ತ ಬಂದ ಮೇಷ್ಟ್ರು ನನ್ನ ಮೇಜಿನ ಮುಂದೆ ನಿಂತರು.

"ಯಾವಾಗ ಒತ್ತಿದ್ದು?"

"ಮಂಗಳವಾರ ಸಾರ್."

"ಏನೋ ಎಡವಟ್ಟಾಗಿದೆ ಅಂತ ಗೊತ್ತಾಗ್ಲಿಲ್ವಾ?"

"ಆಗ್ಲೇ ಗೊತ್ತಾಯ್ತು."

"ಮತ್ತೆ ಬಾಯಿಗೇನಾಗಿತ್ತಮ್ಮ? ಆಗ್ಲೇ ಹೇಳಿದ್ರೆ ಇದೊಂದನ್ನ ಕಿತ್ತಿಟ್ಟು ಉಳಿದಿದ್ದೆಲ್ಲ ಉಳಿಸ್ತಿದ್ದೆ!"

ಹೇಗೂ ಕೆಲಸ ಹೋಯಿತು, ಇನ್ನೇನು ಎಂಬ ಮೊಂಡು ಧೈರ್ಯ ಬಂತು. "ಸೋಮವಾರ ಎಲ್ಲರ ಮುಂದೆ ನಿಲ್ಲಿಸ್ತೀರಲ್ಲ ಸಾರ್, ಅದಕ್ಕೆ ಹೇಳ್ಲಿಲ್ಲ."

ಮೇಷ್ಟ್ರು ಬೈಯದೆ ತಮ್ಮ ಕೋಣೆಗೆ ನಡೆದರು. ಪುಣ್ಯಕ್ಕೆ, ಹಿಂದಿನ ಶನಿವಾರದವರೆಗಿನ ದಾಖಲೆಗಳ ನಕಲು ಅವರ ಬೀರುವಿನಲ್ಲಿತ್ತು. ಅಷ್ಟರಮಟ್ಟಿಗೆ ಮನುಷ್ಯ ಗಟ್ಟಿ.

ಶುಕ್ರವಾರ ಮೇಲಿನ ಕಚೇರಿಗೆ ವರದಿ ಹೋಗಬೇಕಿತ್ತು. ಟೈಪ್ ಮಾಡಲು ಮೇಷ್ಟ್ರು ನನ್ನನ್ನೇ ಕರೆದರು. ನನ್ನ ಮರಣಪತ್ರವನ್ನು ನಾನೇ ಬೆರಳಚ್ಚು ಮಾಡುವ ಭಾಗ್ಯ! 'ತಪ್ಪಿತಸ್ಥರ ಹೆಸರು' ಎಂಬಲ್ಲಿಗೆ ಬಂದು ಬೆರಳು ನಿಂತಿತು.

"ಹೆಸರು ಬೇಡ. 'ಒಬ್ಬ ನೌಕರರು' ಅಂತ ಹಾಕಿ ಸಾಕು."

"ತಡವಾಗಿ ತಿಳಿಯಲು ಕಾರಣ ಅಂತ ಇದೆ ಸಾರ್."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಬರೀರಿ. ಇಲ್ಲಿನ ನೌಕರರಿಗೆ ಕಳ್ಳರಿಗಿಂತ ನನ್ನ ಭಯವೇ ಹೆಚ್ಚು."

"ಸಾರ್, ಇದನ್ನ ಕಳಿಸಿದ್ರೆ ನಿಮ್ಮನ್ನೇ ಎತ್ತಂಗಡಿ ಮಾಡ್ತಾರೆ."

"ಮಾಡ್ಲಿ. ನೀವು ಟೈಪ್ ಮಾಡಿ."

ಆ ಒಂದು ಸಾಲಿನಲ್ಲಿ ಮೂರು ತಪ್ಪು ಬಂತು. ಕಣ್ಣೊರೆಸಿಕೊಂಡು ತಿದ್ದಿದೆ.