ಲೊರೇನ್ ಓದಿದ ಎರಡು ಕೋಣೆಯ ಶಾಲೆ

ಶನಿವಾರ ಬೆಳಿಗ್ಗೆ ಡೆಲ್ಫ್ಟ್ ಬಿಟ್ಟೆ. ಮಳೆ, ಎದುರುಗಾಳಿಯಲ್ಲಿ ಸೈಕಲ್ ತುಳಿದು ಸ್ಟೇಷನ್ ಮುಟ್ಟುವಷ್ಟರಲ್ಲಿ ತೊಯ್ದು ಹೋಗಿದ್ದೆ. ರಾಟರ್‌ಡ್ಯಾಮ್‌ನಲ್ಲಿ ರೈಲು ಬದಲಿಸಿ ಯುಟ್ರೆಕ್ಟ್ ಕಡೆ ಹೊರಟೆ. ಸೀಟು ಖಾಲಿಯಿದ್ದರೂ ಕೂರಲಾಗಲಿಲ್ಲ. ಹಳೆಯ ಮರದ ಕಟ್ಟಡಗಳ ಬಗ್ಗೆ ಸಂಶೋಧನೆ ಮಾಡುವವಳು ನಾನು. ಗೆಳತಿ ಮಹಾದೇವಿಯ ನೆರೆಮನೆಯ ಲೊರೇನ್ ಅಮೆರಿಕದಲ್ಲಿ ತಾವು ಓದಿದ ಶಾಲೆಯ ಫೋಟೊಗಳನ್ನು ಕಳಿಸಿ, ಉಳಿಯುತ್ತದೆಯೇ ಎಂದು ಕೇಳಿದ್ದರು. ಉತ್ತರವನ್ನು ಫೋನಿನಲ್ಲಿ ಹೇಳಲು ಮನಸ್ಸಾಗಿರಲಿಲ್ಲ.

ಯುಟ್ರೆಕ್ಟ್‌ನಲ್ಲಿ ಮಹಾದೇವಿ ತನ್ನ ಮನೆ ಹತ್ತಿರದ ಬಸ್ ಸ್ಟಾಪಿನಲ್ಲಿ ಕಾದಿದ್ದಳು. "ಯಾಕವ್ವ, ಮಾರಿ ಹಿಂಗ್ಯಾಕ್ ಬಾಡೇತಿ? ಅವ್ರಿಗೆ ಖರೇನ ಹೇಳು. ಸುಳ್ಳು ಹೇಳಿದ್ರ ಹಿಡೀತಾರ" ಎಂದಳು.

ಲೊರೇನ್ ತಮ್ಮ ಮನೆಯಲ್ಲಿ ಬಿಸಿ ಮೆಕ್ಕೆಜೋಳದ ಬ್ರೆಡ್ಡು, ಬೆಣ್ಣೆ ಮುಂದಿಟ್ಟರು. ಡಚ್ಚನೊಬ್ಬನನ್ನು ಮದುವೆಯಾಗಿ ಇಲ್ಲಿಗೆ ಬಂದ ಆಫ್ರಿಕನ್-ಅಮೆರಿಕನ್ ಹಿರಿಯರು. ಅವರು ಹುಟ್ಟಿದ ಹಳ್ಳಿಗಾಡಿನ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ಕಪ್ಪು ಮಕ್ಕಳೂ ಬಿಳಿಯ ಮಕ್ಕಳೂ ಒಂದೇ ಶಾಲೆಗೆ ಹೋಗುವಂತಿರಲಿಲ್ಲ.

"ಬಿಳಿಯರಿಗೆ ಇಟ್ಟಿಗೆಯ ಶಾಲೆ, ಬಸ್ಸು. ಆ ಬಸ್ಸು ನಮಗೆ ಕೆಸರು ಹಾರಿಸಿಕೊಂಡು ಹೋಗುತ್ತಿತ್ತು. ನಮ್ಮ ಶಾಲೆಯನ್ನು ನಮ್ಮ ಅಪ್ಪಂದಿರೇ ಕಟ್ಟಿದರು. ಪುಸ್ತಕಗಳು ಮಾತ್ರ ಅವರ ಮಕ್ಕಳು ಓದಿ, ಹರಿದು ಬಿಸಾಡಿದಂಥವು."

ಆ ಶಾಲೆಯಲ್ಲಿ ಗಟ್ಟಿಯಿರುವ ಭಾಗ ಬಿಟ್ಟು ಉಳಿದದ್ದನ್ನು ಕೌಂಟಿಯ ಆಡಳಿತ ಈಗ ಕೆಡವಲಿತ್ತು.

"ದಕ್ಷಿಣದ ಕೋಣೆ ಉಳಿಯುತ್ತದೆ" ಎಂದೆ. "ಉತ್ತರದ್ದರ ತಳದ ತೊಲೆಗಳು ಕೊಳೆತಿವೆ."

ಅವರು ಚಾಕು ಕೆಳಗಿಟ್ಟರು. "ಅದು ನನ್ನಪ್ಪ ಕಟ್ಟಿದ್ದು."

ಎದ್ದು ಕಿಟಕಿಯವರೆಗೆ ಹೋಗಿ ಬಂದೆ. ನನ್ನಜ್ಜಿಯನ್ನು ಜಾತಿಯ ಕಾರಣಕ್ಕೆ ಶಾಲೆಯ ಹೊರಗೆ ಜಗಲಿಯಲ್ಲೇ ಕೂರಿಸುತ್ತಿದ್ದರೆಂದು ಹೇಳಿದೆ.

"ಒಳಗೆ ಹೋದಳೇ?"

"ಇಲ್ಲ. ನಮ್ಮಮ್ಮ ಹೋದಳು."

ಅವರು ನನ್ನ ಕೈ ಹಿಡಿದುಕೊಂಡರು. ಆಮೇಲೆ ಕೇಳಿದರು: "ಅಪ್ಪನ ಕೋಣೆಯ ಗೋಡೆಯ ಹಲಗೆಗಳು?"

"ಹೆಚ್ಚಿನವು ಗಟ್ಟಿ."

ತಕ್ಷಣ ಅಮೆರಿಕದ ಊರಿನಲ್ಲಿರುವ ತಂಗಿಗೆ ಫೋನ್ ಮಾಡಿದರು. "ಯಂತ್ರ ಬೇಡ. ಅಪ್ಪನ ಕೋಣೆಯನ್ನು ಕೈಯಿಂದ ಬಿಚ್ಚೋಣ. ಹಲಗೆಗಳು ಪಕ್ಕದ ಕೋಣೆಯ ದುರಸ್ತಿಗೆ ಬೇಕು. ನಾನು ಬರುವವರೆಗೆ ಯಾರೂ ಮುಟ್ಟಬಾರದು, ಮೊದಲ ಮೊಳೆ ಕೀಳುವವಳು ನಾನು."

"ಅಜ್ಜಿ, ನಿಮ್ಮ ಮೊಣಕಾಲು..." ಎಂದು ಮಹಾದೇವಿ ಇಂಗ್ಲಿಷಿನಲ್ಲಿ ಶುರುಮಾಡಿದಳು. ಲೊರೇನ್ ಕಣ್ಣಿನಲ್ಲೇ ಗದರಿಸಿದರು.

ಸಂಜೆ ಬಸ್ಸು ತಿರುಗುವಾಗ ಹಿಂದೆ ನೋಡಿದೆ. ಮನೆಯ ಕಿಟಕಿಯಲ್ಲಿ ಲೊರೇನ್ ಇನ್ನೂ ಫೋನಿನಲ್ಲಿದ್ದರು. ಇನ್ನೊಂದು ಕೈಯಿಂದ ಗಾಳಿಯಲ್ಲಿ ಬಾಗಿಲೊಂದರ ಎತ್ತರ ತೋರಿಸುತ್ತಿದ್ದರು, ಅಪ್ಪನ ಕೋಣೆಯದೇ ಇರಬೇಕು.