ಸರದಿ ಬಿಟ್ಟು ಕಾದಂಬರಿ ಹಿಡಿದದ್ದು

ದೇವರಾಣೆಗೂ ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ದೇವನಹಳ್ಳಿ ಏರ್‌ಪೋರ್ಟಿನ ಕ್ಯಾಬ್ ಸಾಲಿನಲ್ಲಿ ನನ್ನಂಥ ಓದುಗ ಇನ್ನೊಬ್ಬನಿಲ್ಲ. ಅವತ್ತು ಸರದಿ ಬಂದರೂ ನಾನು ಗಾಡಿ ತೆಗೆಯಲಿಲ್ಲ. ಹಿಂದಿನ ಗಾಡಿಯ ನಯಾಜ್‌ಗೆ ಅನುಮಾನ ಬಂತು.

"ಏನಣ್ಣಾ, ಗುಟ್ಟಾಗಿ ಬೇರೆ ಗಿರಾಕಿ ಹಿಡಿದಿದ್ದೀಯಾ? ಸ್ಟ್ಯಾಂಡಿನವ್ರಿಗೆ ಹೇಳಿ ನಿನ್ನ ಸಾಲಿಂದಲೇ ತೆಗೆಸ್ಬಿಡ್ತೀನಿ!"

"ಗಿರಾಕಿಯಲ್ಲ ಗುರು, ಕಾದಂಬರಿ. ಪಿಯುಸಿ ಓದೋ ಹುಡುಗ್ರಿಬ್ಬರ ಪ್ರೀತಿ. ಒಬ್ಬ ಇನ್ನೊಬ್ಬನಿಗೆ ಈಗ ಹೇಳೋದ್ರಲ್ಲಿದ್ದಾನೆ, ಹೆಂಗೆ ಬಿಟ್ಟು ಬರ್ಲಿ?"

"ಬುರುಡೆ! ಎಲ್ಲಿ, ಓದು ನೋಡೋಣ."

ಪಕ್ಕದ ಸೀಟಿಗೆ ಬಂದು ಕೂತ. ಕಣ್ಣು ಮಾತ್ರ ನನ್ನ ಫೋನಿನ ಮೇಲೆ, ಯಾವ ಗಿರಾಕಿ ಕರೆ ಬರುತ್ತೋ ಅಂತ. ನಾನು ಜೋರಾಗಿ ಓದಿದೆ. ಅಷ್ಟರಲ್ಲಿ ಅವನ ಸರದಿಯೂ ಬಂದು, ಹಿಂದಿನವರೆಲ್ಲ ಹಾರನ್ ಹೊಡೆದರು.

"ಹೊಡ್ಕೊಳ್ಲಿ ಬಿಡಣ್ಣಾ. ಆ ಹುಡುಗ ಹೇಳಿದ್ನಾ, ಇಲ್ವಾ?" ಅಂತ ನಯಾಜ್ ಕಣ್ಣೊರೆಸಿಕೊಂಡ.

ಒಂದೇ ಒಂದು ಸಣ್ಣ ತಿದ್ದುಪಡಿ: ಕಣ್ಣೊರೆಸಿಕೊಂಡವನು ನಯಾಜ್ ಅಲ್ಲ.