ಆ ಮಂದು, ಈ ಮಂದು

ಎಂಬತ್ತರ ದಶಕದ ಆ ವರ್ಷಗಳನ್ನು ನೆನೆದರೆ ನನಗೆ ಮೊದಲು ಕೇಳಿಸುವುದು ಹುಳು ಮನೆಯ ಸದ್ದು. ತಾಯಲೂರಿನ ಕಡೆಯ ನಮ್ಮ ಮನೆಯಲ್ಲಿ ರೇಷ್ಮೆಹುಳುಗಳು ಸೊಪ್ಪು ಮೇಯುತ್ತಿದ್ದರೆ ಹೊರಗೆ ಜಿನುಗು ಮಳೆ ಬಿದ್ದಂತೆ ಇರುತ್ತಿತ್ತು. ಆ ಸದ್ದಿನೊಳಗೆ ನಮ್ಮ ಯಜಮಾನರು ಹಾಡುಹಗಲೇ ಸಾರಾಯಿ ಕುಡಿದು, ಗೋಡೆಗೊರಗಿ ಕೂತಿರುತ್ತಿದ್ದರು.

ಅವರು ಜಗಳಗಂಟರಲ್ಲ, ಕೈ ಎತ್ತಿದವರೂ ಅಲ್ಲ. ಕುಡಿದಷ್ಟೂ ಮೆತ್ತಗಾಗುತ್ತಿದ್ದರು. ನನಗೆ ಅದೇ ಸಿಟ್ಟು. ಜಗಳ ಆಡಿದ್ದರೆ ನಾನೂ ಎರಡು ಮಾತಾಡಿ ಹಗುರವಾಗುತ್ತಿದ್ದೆ. ಬರುಬರುತ್ತಾ ಕಾಲು ಬಾತುಕೊಂಡವು, ಕಣ್ಣು ಹಳದಿಯಾದವು. ಡಾಕ್ಟರು "ಬಿಡದಿದ್ರೆ ಉಳಿಯಲ್ಲಮ್ಮ" ಎಂದು ನನ್ನೆದುರೇ ಹೇಳಿಬಿಟ್ಟರು. ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಸೇರಿಸುವ ತಾಕತ್ತು ನಮಗಿರಲಿಲ್ಲ. ಮುಳಬಾಗಿಲಲ್ಲಿ ಯಾರೋ ಕುಡಿತ ಬಿಡಿಸುತ್ತಾರೆಂದು ಸಂತೆಯಲ್ಲಿ ಕೇಳಿಸಿಕೊಂಡ ಅತ್ತೆ, ನನ್ನನ್ನು ಕರೆದುಕೊಂಡು ಹೊರಟರು.

ನಾನು ಟೇಕಲ್ ಕಡೆಯವಳು, ಮನೆಮಾತು ಕನ್ನಡ. ಗಂಡನ ಮನೆಯ ತೆಲುಗು ನನ್ನ ಬಾಯಲ್ಲಿ ಇನ್ನೂ ಕುಂಟುತ್ತಿತ್ತು. ಮಂದು ಅಂದರೆ ಔಷಧಿ ಎಂದಷ್ಟೇ ಗೊತ್ತಿತ್ತು. ಸಾರಾಯಿಗೂ ಜನ ಅದೇ ಮಾತು ಬಳಸುತ್ತಾರೆಂದು ನನಗೆ ಯಾರೂ ಹೇಳಿರಲಿಲ್ಲ. ಬಸ್ಸಿಳಿದ ಮೇಲೆ ಅತ್ತೆ ನಾಚಿಕೆಯಿಂದ ಸೆರಗನ್ನು ಮುಖಕ್ಕೆಳೆದುಕೊಂಡು ದೂರ ನಿಂತರು. ನಾನೇ ಧೈರ್ಯ ಮಾಡಿ ಒಬ್ಬ ಜಟಕಾದವನನ್ನು ಕೇಳಿದೆ.

"ತಾಗೇದಾನಿಕಿ ಮಂದು ಎಕ್ಕಡ ಇಸ್ತಾರು?"

ಕುಡಿತಕ್ಕೆ ಔಷಧಿ ಎಲ್ಲಿ ಕೊಡುತ್ತಾರೆ ಎಂದು ಕೇಳಿದೆನೆಂದೇ ನನ್ನ ಎಣಿಕೆ. ಕುಡಿಯುವುದಕ್ಕೆ ಸಾರಾಯಿ ಎಲ್ಲಿ ಸಿಗುತ್ತದೆ ಎಂದು ಅವನಿಗೆ ಕೇಳಿಸಿತ್ತು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಒಂದು ಗಲ್ಲಿ ತೋರಿಸಿದ.

ಆ ಮಧ್ಯಾಹ್ನ ಈಗಲೂ ನನ್ನ ಕನಸಿನಲ್ಲಿ ಬರುತ್ತದೆ. ಹೊಂಗೆ ಮರದ ನೆರಳು, ಸೋಗೆಯ ಚಪ್ಪರ, ಬೆಂಚಿನ ಮೇಲೆ ಸದ್ದಿಲ್ಲದೆ ಸರದಿ ಕಾಯುವ ಗಂಡಸರು, ಗೋಡೆಯುದ್ದಕ್ಕೂ ಬಾಟಲಿಗಳು. ಯಾವುದೋ ಧರ್ಮಾಸ್ಪತ್ರೆ ಎಂದುಕೊಂಡು ನಾನೂ ಹೋಗಿ ಬೆಂಚಿನ ತುದಿಗೆ ಕೂತೆ. ಯಾರೋ ಸರಿದು ಜಾಗ ಕೊಟ್ಟರು ಕೂಡ. ಹಿಂದಿನಿಂದ ಬಂದ ಅತ್ತೆಗೆ ಮಾತ್ರ ವಾಸನೆ ಹತ್ತಿತು.

"ಎದ್ದೇಳೇ, ಇದು ಸಾರಾಯಿ ಅಂಗಡಿ ಕಣೇ."

ಅಂಗಡಿಯವನು ನಮ್ಮ ಕಥೆ ಕೇಳಿ ನಗಲಿಲ್ಲ. "ಅಮ್ಮಾ, ಇಲ್ಲಿ ಸಿಗೋದು ಆ ಮಂದು ಅಲ್ಲ. ಕೋಲಾರಕ್ಕೆ ಹೋಗಿ. ಅಲ್ಲಿ ಆಸ್ಪತ್ರೆ ಹಿಂದೆ ಗುರುವಾರ ಗುರುವಾರ ಕೂರಿಸ್ಕೊಂಡು ಮಾತಾಡ್ತಾರೆ, ಕಾಸೇನೂ ಕೇಳಲ್ಲ. ನನ್ನ ಒಳ್ಳೇ ಗಿರಾಕಿ ಒಬ್ಬನ್ನ ಕೆಡಿಸಿದ್ದು ಅವರೇ," ಎಂದ.

ಯಜಮಾನರನ್ನು ಕೋಲಾರಕ್ಕೆ ಕರೆದುಕೊಂಡು ಹೋದೆವು. ಅಲ್ಲಿ ಮೊದಲು ಕೆಲವು ದಿನ ವಾರ್ಡಿನಲ್ಲಿಟ್ಟು, ಕುಡಿತ ನಿಲ್ಲಿಸಿದಾಗ ಬರುವ ಕೈನಡುಕ ಇಳಿಸಿದರು. ಆಮೇಲೆ ಪ್ರತಿ ಗುರುವಾರ ಹಿಂದಿನ ಜಗಲಿಯಲ್ಲಿ ಚಾಪೆಯ ಮೇಲೆ ಕೂರುವುದು. ಒಬ್ಬರು ನರ್ಸಮ್ಮ, ಕುಡಿತ ಬಿಟ್ಟವರು, ಬಿಡಲಾಗದವರು, ಅವರ ಹೆಂಡತಿಯರು.

"ಮಂದು ಯಾವಾಗ ಕೊಡ್ತೀರಮ್ಮ?" ಎಂದು ಅತ್ತೆ ಕೇಳಿದರು.

"ಕೊಡ್ತಾನೇ ಇದ್ದೀವಲ್ಲಮ್ಮ, ಬರ್ತಾ ಇರಿ," ಎಂದರು ನರ್ಸಮ್ಮ.

ಯಜಮಾನರು ಬಾಯಿ ಬಿಡಲು ಬಹಳ ಗುರುವಾರಗಳೇ ಹಿಡಿದವು. ಒಂದು ದಿನ ತಲೆ ಎತ್ತದೆ, "ಬೆಳಿಗ್ಗೆ ಎದ್ದ ಕೂಡ್ಲೇ ಭಯ ಆಗ್ತದೆ. ಯಾಕೋ ಗೊತ್ತಿಲ್ಲ. ಅದಕ್ಕೇ ಕುಡೀತೀನಿ," ಎಂದರು. ಅಷ್ಟು ವರ್ಷ ಪಕ್ಕದಲ್ಲೇ ಮಲಗಿದ್ದ ನನಗೆ ಆ ಭಯ ಗೊತ್ತೇ ಇರಲಿಲ್ಲ. ನನ್ನ ಸಿಟ್ಟು ಅಲ್ಲೇ ಕರಗಿತು ಎಂದು ಸುಳ್ಳು ಹೇಳಲಾರೆ. ಆದರೆ ಆ ಸಂಜೆ ಬಸ್ಸಿನಲ್ಲಿ ಹೆಂಗಸರ ಸೀಟು ಬಿಟ್ಟು ಅವರ ಪಕ್ಕ ಹೋಗಿ ಕೂತೆ. ಮಧ್ಯೆ ಒಮ್ಮೆ ಜಾರಿದರು, ಮತ್ತೆ ಅದೇ ಚಾಪೆಗೆ ಹೋದೆವು. ಆಮೇಲೆ ಕುಡಿಯಲಿಲ್ಲ.

ಅತ್ತೆ ಮಾತ್ರ ನಮ್ಮ ಮನೆಯಿಂದ ಮಂದು ಎಂಬ ಮಾತನ್ನೇ ಓಡಿಸಿಬಿಟ್ಟರು. ಜ್ವರಕ್ಕೆ ಮಾತ್ರೆ ಅನ್ನಬೇಕು, ಕೆಮ್ಮಿಗೆ ಟಾನಿಕ್ ಅನ್ನಬೇಕು. ಆ ಮಾತು ಕಿವಿಗೆ ಬಿದ್ದರೆ ಮಗ ಮತ್ತೆ ಆ ಕಡೆ ಹೋಗಿಬಿಡುತ್ತಾನೆಂದು ಅವರಿಗೆ ಅಂಜಿಕೆ.

ಕೆಲವು ವರ್ಷಗಳ ಮೇಲೆ ಅತ್ತೆ ಹಾಸಿಗೆ ಹಿಡಿದರು. ಒಂದು ಸಂಜೆ, ಹುಳು ಮನೆಯ ಅದೇ ಸದ್ದಿನ ನಡುವೆ, ಯಜಮಾನರು ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಚಮಚದ ತುಂಬ ಔಷಧಿ ಹಿಡಿದು, ಔಷಧಿ ಕುಡಿಯಮ್ಮಾ ಎನ್ನಲು "ಮಂದು ತಾಗಮ್ಮಾ" ಎಂದುಬಿಟ್ಟರು.

ನಾನು ಬಾಗಿಲಲ್ಲೇ ನಿಂತೆ. ಅತ್ತೆ ಮಗನ ಮುಖ ನೋಡಲಿಲ್ಲ, ಚಮಚ ಹಿಡಿದ ಕೈಯನ್ನೇ ನೋಡಿದರು. ಅದು ನಡುಗುತ್ತಿರಲಿಲ್ಲ. ಆಮೇಲೆ ಬಾಯಿ ತೆರೆದರು.